ಒಟ್ಟಾರೆ ಸುಖ, ವಯಾ ಸರ್ವೀಸ್ ರೋಡು

ನಮ್ಮ ಮಂಡ್ಯ ಕಡೆ ಈಗ ಹೊಸ ಪಾರ್ಟಿ ಒಂದು ಎದ್ದೈತೆ, 'ಒಟ್ಟಾರೆ ಜನಕ್ಕೆ ಸುಖ ಆಯ್ತಲ್ಲ ಬುಡಿ' ಪಾರ್ಟಿ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಗೆ ಬೈಕು ಆಟೋ ಟ್ರ್ಯಾಕ್ಟರ್ ಬರಂಗಿಲ್ಲ ಅಂತ 2023ರ ಆಗಸ್ಟ್ 1ರಿಂದ ರೂಲ್ಸ್ ಬಂತಲ್ಲ, ಅವತ್ತಿಂದ ಇವರದ್ದೇ ಹವಾ.

ಮೊನ್ನೆ ಮದ್ದೂರಲ್ಲಿ ವಡೆ ತಿಂತಿದ್ದ ಇನ್ನೋವಾ ಸಾಹೇಬ್ರು ಶುರು ಹಚ್ಕಂಡ್ರು. "ರೂಲ್ಸ್ ಬಂದ್ಮೇಲೆ ಆಕ್ಸಿಡೆಂಟ್ ಕಮ್ಮಿ ಆಯ್ತೋ ಇಲ್ವೋ?" ಆಯ್ತು ಸಾರ್, ಆದ್ರೆ ಜುಲೈಲೇ ಪೊಲೀಸ್ನೋರು ಸ್ಪೀಡ್ ಗನ್ ಹಿಡ್ಕಂಡು ನೂರು ದಾಟಿದ ಕಾರಿಗೆಲ್ಲ ಫೈನ್ ಜಡಿಯೋಕೆ ನಿಂತಿದ್ರಲ್ಲ, ಕಮ್ಮಿ ಆಗಿದ್ದು ಟ್ರ್ಯಾಕ್ಟರ್ ಹೋಗಿದ್ದಕ್ಕೋ, ನಿಮ್ ಕಾಲು ಆಕ್ಸಿಲರೇಟರ್ ಬಿಟ್ಟಿದ್ದಕ್ಕೋ? ಎರಡು ಮಾತ್ರೆ ಒಟ್ಗೇ ನುಂಗಿ ಜ್ವರ ಬಿಟ್ಟಿದ್ದು ನನ್ ಮಾತ್ರೆಯಿಂದ್ಲೇ ಅಂದಂಗಾಯ್ತು. ಆ ಸ್ಪೀಡಲ್ಲಿ ಬೈಕು ಡೇಂಜರ್ ಅನ್ನೋದನ್ನ ನಾನೂ ಒಪ್ತೀನಿ, ಅದು ಸೇಫ್ಟಿ ಮಾತು. ಇವರು ಹೇಳ್ತಿರೋದು ಸುಖದ ಲೆಕ್ಕ.

ಸರಿ, ಲೆಕ್ಕನೇ ಹಾಕವ. ಇವರಿಗೆ ಮೂರು ಗಂಟೆ ದಾರಿ ಒಂದೂವರೆಗೆ ಬಂತು, ಜಮಾ. ಕಬ್ಬು ತುಂಬ್ಕಂಡ ಟ್ರ್ಯಾಕ್ಟರ್ ಸರ್ವೀಸ್ ರೋಡಲ್ಲಿ ತೆವಳ್ಕಂಡು, ಮಳೆ ಬಂದ್ರೆ ಅಂಡರ್‌ಪಾಸ್ ನೀರಲ್ಲಿ ನಿಂತ್ಕಂಡು ಫ್ಯಾಕ್ಟರಿ ಮುಟ್ಟೋ ಹೊತ್ಗೆ ಕಡಿದ ಕಬ್ಬು ಒಣಗಿ ತೂಕ ಇಳಿದಿರ್ತದೆ, ತೂಕ ಇಳಿದ್ರೆ ದುಡ್ಡು ಇಳೀತು, ಅದನ್ನ ಯಾವ ಕಾಲಮ್ಮಲ್ಲಿ ಬರ್ಕಂಡ್ರಿ ಅಂದ್ರೆ "ಅದೆಲ್ಲ ಮೈನರ್ ಬುಡಿ". ಈ ಸುಖದ ಲೆಕ್ಕನ ಫೇಮಸ್ ಮಾಡಿದ ಇಂಗ್ಲೆಂಡಿನ ತತ್ವಜ್ಞಾನಿ ಬೆಂಥಾಮ್ ಕೂಡ ತಲೆಗೆ ಒಂದೇ ಅಂತ ಎಣಿಸಿದ್ದು. ಇಲ್ಲಿ ಇನ್ನೋವಾಗೆ ಏಳು, ಟ್ರ್ಯಾಕ್ಟರಿಗೆ ಸೊನ್ನೆ.

ಆಮೇಲೆ ಫಿನ್ಲೆಂಡ್ ಬಂತು, ಬರ್ಲೇಬೇಕಲ್ಲ. "2018ರಿಂದ ಪ್ರಪಂಚದ ದೇಶಗಳ ಸುಖದ ಪಟ್ಟೀಲಿ ಅವರೇ ಫಸ್ಟು, ಯಾಕೆ? ಸ್ಟ್ರಿಕ್ಟ್ ಕಾನೂನು!" ಸ್ವಾಮಿ, ಆ ಪಟ್ಟಿಗೆ ಕೇಳೋದು ನಿನ್ ಬದುಕಿಗೆ ಸೊನ್ನೆಯಿಂದ ಹತ್ತರೊಳಗೆ ಎಷ್ಟು ಮಾರ್ಕ್ಸ್ ಕೊಡ್ತೀಯ ಅಂತ, ಟ್ರಾಫಿಕ್ ರೂಲ್ಸ್ ಹೆಂಗೈತೆ ಅಂತ ಯಾರೂ ಕೇಳಲ್ಲ. ಸ್ಟ್ರಿಕ್ಟೇ ಬೇಕು ಅಂದ್ರೆ ಅಲ್ಲಿ ಜೋರಾಗಿ ಓಡಿಸಿದ್ರೆ ಸಂಪಾದನೆ ನೋಡಿ ಫೈನ್ ಹಾಕ್ತಾರೆ, 2023ರಲ್ಲಿ ಒಬ್ಬ ಸಾಹುಕಾರನಿಗೆ 1,21,000 ಯೂರೋ ಬಿತ್ತು, ಹೆಚ್ಚುಕಮ್ಮಿ ಒಂದು ಕೋಟಿ ರೂಪಾಯಿ, ಅದನ್ನೂ ತರಾಣ್ವಾ ಅಂದೆ.

"ಅದು ನಮ್ ದೇಶಕ್ಕೆ ಸೂಟ್ ಆಗಲ್ಲ" ಅಂದ್ರು. ಕೈ ತೊಳ್ಕಂಡು ಬಂದು ಮೆಲ್ಲಗೆ ಕೇಳಿದ್ರು, "ಇಲ್ಲಿಂದ ಬಿಡದಿವರೆಗೂ ಕ್ಯಾಮೆರಾ ಎಲ್ಲೆಲ್ಲಿ ಮಡಗವ್ರೆ, ಗೊತ್ತಾ ನಿಮ್ಗೆ?"