ಗೆಲಿಲಿಯೋನ ಯಾರೂ ಸುಟ್ಟಿಲ್ಲ, ಆ ಮೆಸೇಜ್ ತಪ್ಪು

ಮೊನ್ನೆ ನಾನೇ ಹಾಕಿದ್ದೆ, "ಭೂಮಿ ಸೂರ್ಯನ ಸುತ್ತ ತಿರುಗುತ್ತೆ ಅಂದಿದ್ದಕ್ಕೆ ಗೆಲಿಲಿಯೋನ ಜೀವಂತ ಸುಟ್ರು" ಅಂತ. ಅದು ತಪ್ಪು, ಚೆಕ್ ಮಾಡ್ದೆ ಕಳಿಸ್ಬಿಟ್ಟೆ, ಈಗ ಅದೇ ಮೆಸೇಜು ಬೇರೆ ಮೂರು ಗ್ರೂಪಿಂದ ವಾಪಸ್ ನಂಗೇ ಬರ್ತಿದೆ.

ಆಗಿದ್ದು ಇಷ್ಟು. 1633ರ ಜೂನ್ 22ಕ್ಕೆ ರೋಮ್‌ನಲ್ಲಿ ಚರ್ಚಿನ ಧರ್ಮವಿಚಾರಣೆ ಕೋರ್ಟಿನ ತೀರ್ಪು ಬಂತು, ಆ ತೀರ್ಪಿನ ಪ್ರತಿ ಇವತ್ತಿಗೂ ಇದೆ, ಅದ್ರಲ್ಲಿರೋದು ಸೆರೆವಾಸ, ಮರಣದಂಡನೆ ಅಲ್ಲ. ಮಂಡಿಯೂರಿ ಕೂತು ನನ್ನ ಮಾತು ವಾಪಸ್ ತಗೋತೀನಿ ಅಂತ ಓದಿಸಿದ್ರು, ಆಗ ಅವನಿಗೆ 69 ವರ್ಷ. ಆಮೇಲೆ ಫ್ಲಾರೆನ್ಸ್ ಹತ್ರ ಆರ್ಚೆತ್ರಿಯಲ್ಲಿ ಗೃಹಬಂಧನ. ಅಲ್ಲೇ ಕೂತು ಬರೆದು ಮುಗಿಸಿದ ಪುಸ್ತಕ 1638ರಲ್ಲಿ ಹಾಲೆಂಡಿನ ಲೈಡನ್‌ನಲ್ಲಿ ಪ್ರಿಂಟಾಯ್ತು, ಅಷ್ಟೊತ್ತಿಗೆ ಪಾಪ ಎರಡೂ ಕಣ್ಣು ಹೋಗಿತ್ತು. 1642ರ ಜನವರಿಯಲ್ಲಿ ಕಾಯಿಲೆಯಿಂದ ತೀರ್ಕೊಂಡ.

ಸುಟ್ಟಿದ್ದು ಜೋರ್ಡಾನೋ ಬ್ರೂನೋ ಅನ್ನೋ ಇಟಲಿಯ ತತ್ವಜ್ಞಾನಿನ, 1600ರ ಫೆಬ್ರವರಿ 17ಕ್ಕೆ, ರೋಮ್‌ನ ಕಾಂಪೋ ದೆ ಫಿಯೋರಿ ಚೌಕದಲ್ಲಿ, ಮಾತಾಡಬಾರದು ಅಂತ ನಾಲಿಗೆ ಕಟ್ಟಿ. ಅವನ ಮೇಲಿದ್ದ ಆರೋಪಗಳಲ್ಲೂ ಕ್ರಿಸ್ತ, ತ್ರಿಯೇಕತ್ವ (ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು ಅನ್ನೋ ನಂಬಿಕೆ) ಇಂಥ ಧರ್ಮದ ವಿಷಯಗಳೇ ಜಾಸ್ತಿ, ಬರೀ ಖಗೋಳಶಾಸ್ತ್ರಕ್ಕೆ ಸುಟ್ರು ಅನ್ನೋದೂ ಪೂರ್ತಿ ಸರಿಯಲ್ಲ. ಆ ಚೌಕದಲ್ಲಿ ಈಗ ತರಕಾರಿ ಮಾರ್ಕೆಟ್ಟು, ಮಧ್ಯದಲ್ಲಿ 1889ರಲ್ಲಿ ನಿಲ್ಲಿಸಿದ ಅವನ ಪ್ರತಿಮೆ.

ದಯವಿಟ್ಟು ಹಳೇ ಮೆಸೇಜ್ ಫಾರ್ವರ್ಡ್ ಮಾಡ್ಬೇಡಿ, ಆಗ್ಲೇ ಕಳಿಸಿದ್ರೆ ಅದೇ ಗ್ರೂಪಿಗೆ ಇದನ್ನೂ ಹಾಕಿ.