ಸಂತ ಫ್ರೆಡ್ಡಿ ಮಹಾತ್ಮೆ

ಬೀಟಲ್ಸ್ ತಂಡದ ನಾಲ್ವರ ಬಗ್ಗೆ ತಲೆಗೊಂದರಂತೆ ನಾಲ್ಕು ಚಲನಚಿತ್ರಗಳು 2028ರ ಏಪ್ರಿಲ್‌ನಲ್ಲಿ ತೆರೆಗೆ ಬರಲಿವೆ ಎಂಬ ಸುದ್ದಿಯನ್ನು ಎಲ್ಲರೂ ಓದಿಯೇ ಇರುತ್ತೀರಿ. ನಿರ್ದೇಶಕ ಸ್ಯಾಮ್ ಮೆಂಡಿಸ್ ಅವರ ವ್ಯವಹಾರಜ್ಞಾನಕ್ಕೆ ತಲೆಬಾಗಲೇಬೇಕು. ಒಡೆದುಹೋದ ಕೂಡುಕುಟುಂಬದ ಕಥೆಯನ್ನು ಒಂದೇ ಚಿತ್ರದಲ್ಲಿ ಹೇಳಹೊರಟರೆ ಯಾರಿಗೆಷ್ಟು ದೃಶ್ಯ, ಮೊದಲು ಜಗಳ ತೆಗೆದವರು ಯಾರು, ಹೆಂಡತಿಯ ಮಾತು ಕೇಳಿ ಕೆಟ್ಟವರು ಯಾರು ಎಂಬ ತಕರಾರು ತಪ್ಪಿದ್ದಲ್ಲ. ಅದಕ್ಕಿಂತ ಮೊದಲೇ ಪಾಲುಪಟ್ಟಿ ಬರೆದು, ಡ್ರಮ್ ಬಾರಿಸಿದ ರಿಂಗೋ ಸ್ಟಾರ್ ಅವರಿಗೂ ಸಮಪಾಲು ಕೊಟ್ಟುಬಿಟ್ಟರೆ ಕೋರ್ಟು ಕಚೇರಿ ಅಲೆಯುವ ಪ್ರಮೇಯವೇ ಬರುವುದಿಲ್ಲ.

2018ರಲ್ಲಿ ಬಂದ ‘ಬೊಹೀಮಿಯನ್ ರಾಪ್ಸೊಡಿ’ ಎಂಬ, ಕ್ವೀನ್ ರಾಕ್ ತಂಡದ ಕಥೆ ಹೇಳುವ ಚಿತ್ರದವರಿಗೆ ಈ ಬುದ್ಧಿ ಹೊಳೆಯಲಿಲ್ಲ. ಕ್ವೀನ್ ತಂಡದಲ್ಲಿಯೂ ನಾಲ್ವರಿದ್ದರು. ಹಾಡುಗಾರ ಫ್ರೆಡ್ಡಿ ಮರ್ಕ್ಯುರಿ 1991ರಲ್ಲಿ ತೀರಿಕೊಂಡರು, ಬೇಸ್ ಗಿಟಾರಿನ ಜಾನ್ ಡೀಕನ್ ಸಾರ್ವಜನಿಕ ಬದುಕಿನಿಂದಲೇ ಹಿಂದೆ ಸರಿದರು, ಉಳಿದ ಬ್ರಯಾನ್ ಮೇ ಮತ್ತು ರೋಜರ್ ಟೇಲರ್ ಚಿತ್ರ ತಯಾರಾಗುವಾಗ ಪಕ್ಕದಲ್ಲೇ ಇದ್ದರು. ಪತ್ರ ಬರೆಯುವಾಗ ಹಾಜರಿದ್ದವರ ಪಾಲು ಎಂದೂ ಕಡಿಮೆಯಾಗುವುದಿಲ್ಲ. ಆದ್ದರಿಂದ ಚಿತ್ರದಲ್ಲಿ ಇವರಿಬ್ಬರೂ ಬಹುಮಟ್ಟಿಗೆ ಹೊತ್ತಿಗೆ ಸರಿಯಾಗಿ ಮನೆ ಸೇರುವ ಸದ್ಗೃಹಸ್ಥರು. ಕುಡಿತ, ದುಂದು, ದುಸ್ಸಂಗವೆಲ್ಲ ಸತ್ತವರ ಖಾತೆಗೆ. ಮೊದಲು ಫ್ರೆಡ್ಡಿಯ ಪಾತ್ರಕ್ಕೆ ಗೊತ್ತಾಗಿದ್ದ ನಟ ಸಾಚಾ ಬ್ಯಾರನ್ ಕೋಹೆನ್, ಚಿತ್ರದ ನಡುವೆಯೇ ಫ್ರೆಡ್ಡಿ ಸಾಯುತ್ತಾರೆ, ಮಿಕ್ಕದ್ದೆಲ್ಲ ಉಳಿದವರು ಹೇಗೆ ಮುಂದುವರಿದರೆಂಬ ಕಥೆ ಎಂದು ತಂಡದ ಸದಸ್ಯರೊಬ್ಬರು ತಮಗೆ ಹೇಳಿದ್ದರೆಂದು ರೇಡಿಯೋ ಸಂದರ್ಶನವೊಂದರಲ್ಲಿ ಹೇಳಿಕೊಂಡರು. ಆ ಚಿತ್ರ ಬರಲಿಲ್ಲವಲ್ಲ ಎಂಬ ಕೊರಗು ನನಗೆ ಈಗಲೂ ಇದೆ. ಮಧ್ಯಂತರದಲ್ಲಿ ಪಾಪ್‌ಕಾರ್ನ್ ತರಲೆಂದು ಎದ್ದ ಬೆಂಗಳೂರಿನ ಪ್ರೇಕ್ಷಕರು ಹಾಗೆಯೇ ಮನೆಯ ದಾರಿ ಹಿಡಿದು, ಟ್ರಾಫಿಕ್ಕಿಗೆ ಸಿಕ್ಕದೆ ಊಟದ ಹೊತ್ತಿಗೆ ಮುಟ್ಟಿಬಿಡಬಹುದಿತ್ತು.

ಬಂದ ಚಿತ್ರ ನಮ್ಮವರಿಗೆ ಹಿಡಿಸಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ, ಏಕೆಂದರೆ ಅದು ಅಪ್ಪಟ ಭಕ್ತಿಪ್ರಧಾನ ಚಿತ್ರ. ಒಳ್ಳೆಯ ಯೋಚನೆ, ಒಳ್ಳೆಯ ಮಾತು, ಒಳ್ಳೆಯ ಕಾರ್ಯ ಎಂದು ಪಾರ್ಸಿ ಧರ್ಮದ ಹಿತವಚನ ಹೇಳುವ ತಂದೆ ಇದ್ದಾರೆ. ಮಾತು ಕೇಳದ ಮಗನಿದ್ದಾನೆ, ಅವನನ್ನು ದಾರಿ ತಪ್ಪಿಸುವ ದುಷ್ಟ ಗೆಳೆಯನಿದ್ದಾನೆ, ಮ್ಯೂನಿಕ್ಕಿನಲ್ಲಿ ಅಜ್ಞಾತವಾಸವಿದೆ, ಸುರಿಯುವ ಮಳೆಯಲ್ಲಿ ಜ್ಞಾನೋದಯವಿದೆ, ಬಿಟ್ಟುಹೋದವರ ಮುಂದೆ ಪಶ್ಚಾತ್ತಾಪವಿದೆ, ಕೊನೆಗೆ ವೆಂಬ್ಲಿ ಕ್ರೀಡಾಂಗಣದಲ್ಲಿ ಸಾಕ್ಷಾತ್ಕಾರ. ಮಗ ಓದಿದ ಪಂಚಗಣಿಯ ಶಾಲೆಯನ್ನಾಗಲಿ, ಅಲ್ಲಿ ಅವನು ಗೆಳೆಯರೊಡನೆ ಕಟ್ಟಿದ ಹೆಕ್ಟಿಕ್ಸ್ ಎಂಬ ಮೊದಲ ತಂಡವನ್ನಾಗಲಿ ತೋರಿಸುವ ಗೋಜಿಗೆ ಅವರು ಹೋಗಿಲ್ಲ. ‘ಫ್ರೆಡ್ಡಿ ನಮ್ಮವನೇ’ ಎಂದು ವರ್ಷಕ್ಕೊಮ್ಮೆ ಎದೆ ತಟ್ಟಿಕೊಳ್ಳುವವರು ಅದನ್ನೂ ಕ್ಷಮಿಸಿದ್ದಾರೆ. 1960ರಲ್ಲಿ ‘ಭಕ್ತ ಕನಕದಾಸ’ ಬಂದಾಗ ಡಾ. ರಾಜಕುಮಾರ್ ಅವರನ್ನು ಯಾರಾದರೂ ಇಸವಿ ಕೇಳಿದ್ದರೇ? ಉಡುಪಿಯ ಗೋಡೆ ಬಿರಿಯಿತು, ಕೃಷ್ಣ ಇತ್ತ ತಿರುಗಿದ, ಅಷ್ಟು ಸಾಕಾಯಿತು. ನಾಯಕ ನಟ ರಾಮಿ ಮಾಲೆಕ್ ತಾವೇ ಹಾಡಲಿಲ್ಲ, ತೆರೆಯ ಮೇಲೆ ಕೇಳುವುದು ಹೆಚ್ಚಾಗಿ ಫ್ರೆಡ್ಡಿಯ ಧ್ವನಿಮುದ್ರಣ ಮತ್ತು ಮಾರ್ಕ್ ಮಾರ್ಟೆಲ್ ಎಂಬ ಕೆನಡಾದ ಗಾಯಕರ ಕಂಠ ಎಂದು ಕೆಲವರು ಮೂಗು ಮುರಿದರು. ಪಿ.ಬಿ. ಶ್ರೀನಿವಾಸ್ ಅವರ ಕಂಠವನ್ನು ವರ್ಷಗಟ್ಟಲೆ ರಾಜಕುಮಾರ್ ಅವರದೆಂದೇ ನಂಬಿ ಕಣ್ಣೊರೆಸಿಕೊಂಡ ಜನರ ಮುಂದೆ ಹೇಳುವ ಮಾತೇ ಅದು?

ಆದರೂ ಇಸವಿ ಕೇಳುವ ನಾಸ್ತಿಕರು ಎಲ್ಲ ಕಾಲದಲ್ಲೂ ಇರುತ್ತಾರೆ. 1977ರ ಆಲ್ಬಮ್ಮಿನ ಹಾಡನ್ನು ಚಿತ್ರದಲ್ಲಿ ಮೀಸೆ ಬಿಟ್ಟ ಫ್ರೆಡ್ಡಿಯ ಎದುರು 1980ರಲ್ಲಿ ಹೊಸದಾಗಿ ಕಟ್ಟುತ್ತಾರೆ ಎಂಬುದು ಅವರ ಒಂದು ದೂರು. ಅದನ್ನು ಹಾಗೆಯೇ ಬಿಡೋಣ. ಫ್ರೆಡ್ಡಿ ಒಂಟಿಯಾಗಿ ಆಲ್ಬಮ್ ಮಾಡಲು ಹೊರಟಾಗ ಉಳಿದ ಮೂವರು ಬೆನ್ನಿಗೆ ಚೂರಿ ಬಿದ್ದವರಂತೆ ನೋಡುವ ದೃಶ್ಯ ಮಾತ್ರ ಅಷ್ಟು ಸುಲಭಕ್ಕೆ ಬಿಡುವಂಥದ್ದಲ್ಲ. ಫ್ರೆಡ್ಡಿಯ ಒಂಟಿ ಆಲ್ಬಮ್ ಬಂದದ್ದು 1985ರಲ್ಲಿ. ಅಷ್ಟು ಹೊತ್ತಿಗೆ ರೋಜರ್ ಟೇಲರ್ 1981ರಲ್ಲಿಯೂ ಬ್ರಯಾನ್ ಮೇ 1983ರಲ್ಲಿಯೂ ತಂತಮ್ಮ ಹೆಸರಿನಲ್ಲಿ ಮುದ್ರಿಕೆಗಳನ್ನು ಹೊರತಂದಾಗಿತ್ತು. ತಂಡವೇ ಒಡೆದು, ಲೈವ್ ಏಡ್ ಎಂಬ ಸಹಾಯಾರ್ಥ ಸಂಗೀತ ಕಛೇರಿಗಾಗಿ ಮತ್ತೆ ಕೂಡಿತು ಎನ್ನುತ್ತದೆ ಚಿತ್ರ. 1985ರ ಜನವರಿಯಲ್ಲಿ ರಿಯೋದಲ್ಲಿ ಹಾಡಿ, ಮೇ ತಿಂಗಳಿನಲ್ಲಿ ಜಪಾನಿನಲ್ಲಿ ಸುತ್ತಾಡಿದ ತಂಡ ಜುಲೈ ಹೊತ್ತಿಗೆ ಯಾವ ವಿರಹದಿಂದ ಬಳಲುತ್ತಿತ್ತೋ ತಿಳಿಯದು.

ನಿರ್ದೇಶಕ ಬ್ರಯಾನ್ ಸಿಂಗರ್ ಅವರನ್ನು 2017ರ ಡಿಸೆಂಬರ್‌ನಲ್ಲಿ ಚಿತ್ರೀಕರಣದ ನಡುವೆಯೇ ತೆಗೆದುಹಾಕಿ, ಡೆಕ್ಸ್‌ಟರ್ ಫ್ಲೆಚರ್ ಅವರಿಂದ ಕೆಲಸ ಮುಗಿಸಿದರು. ಅದೇ 2017ರಲ್ಲಿ ಆರಂಭವಾಗಿ, ನಡುವೆ ಗುತ್ತಿಗೆದಾರರು ಬದಲಾದ ಈಜಿಪುರದ ಮೇಲ್ಸೇತುವೆಯ ಕೆಳಗೆ ಓಡಾಡುವ ನಮ್ಮಂಥವರಿಗೆ, ಉಸ್ತುವಾರಿ ಬದಲಾದ ಮೇಲೂ ಒಂದು ಕೆಲಸ ಮುಗಿದು ನಾಲ್ಕು ಆಸ್ಕರ್ ಗೆಲ್ಲುತ್ತದೆ ಎಂಬುದೇ ಪವಾಡ. ಆ ನಾಲ್ಕರಲ್ಲಿ ಒಂದು ಸಂಕಲನಕ್ಕೆ. ಕೆಲವರು ಕುಳಿತು ಮಾತನಾಡುವ ಒಂದು ದೃಶ್ಯದಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ನೋಟ ಬದಲಾಗುವುದನ್ನು ಕಂಡು ಜಗತ್ತೇ ನಕ್ಕಿತು.

ಒಂದು ಕಡೆ ಮಾತ್ರ ನನಗೆ ನಗು ಬರುವುದಿಲ್ಲ. ಫ್ರೆಡ್ಡಿಗೆ ಎಚ್‌ಐವಿ ಸೋಂಕಿರುವುದು 1987ರಲ್ಲಿ ಖಚಿತವಾಯಿತೆಂದು ಅವರ ಸಂಗಾತಿ ಜಿಮ್ ಹಟನ್ ಹೇಳಿದ್ದಾರೆ. ಚಿತ್ರದವರು ಅದನ್ನು ಎರಡು ವರ್ಷ ಹಿಂದಕ್ಕೆಳೆದು ಲೈವ್ ಏಡ್‌ಗೆ ಮುಂಚೆ ಕೂರಿಸಿ, ಅಭ್ಯಾಸದ ಕೋಣೆಯಲ್ಲಿ ಅವನ ಬಾಯಿಂದಲೇ ಗೆಳೆಯರಿಗೆ ಹೇಳಿಸಿದ್ದಾರೆ. ಸಾಯುವ ಹಿಂದಿನ ದಿನದವರೆಗೂ ತನ್ನ ಕಾಯಿಲೆಯ ಹೆಸರನ್ನು ಲೋಕಕ್ಕೆ ಹೇಳದೆ ಉಳಿಸಿಕೊಂಡ ಮನುಷ್ಯ ಆತ. ಆ ಕಾಯಿಲೆಯ ತಾರೀಖನ್ನು ಕ್ಲೈಮ್ಯಾಕ್ಸಿಗೆ ಹೊಂದುವಂತೆ ಸರಿಸಿ, ಸ್ವೇಚ್ಛೆಗೆ ಬಿದ್ದ ದಂಡದ ಹಾಗೆ ತೋರಿಸುವುದಕ್ಕೆ ಕಲೆಯ ಸ್ವಾತಂತ್ರ್ಯ ಎಂದು ಹೆಸರಿಡಬೇಡಿ. ಅದು ಅಸಹ್ಯ.

ಆಮೇಲೆ ವೆಂಬ್ಲಿ ಬರುತ್ತದೆ, ಸಿಟ್ಟು ಇಳಿಯದಿದ್ದರೂ ಕಾಲು ತಾನಾಗಿ ತಾಳ ಹಾಕತೊಡಗುತ್ತದೆ. 1985ರ ಜುಲೈ 13ರಂದು ಕ್ವೀನ್ ಹಾಡಿದ ಸುಮಾರು ಇಪ್ಪತ್ತೊಂದು ನಿಮಿಷಗಳ ಬಹುಪಾಲನ್ನು ಹೆಜ್ಜೆಗೆ ಹೆಜ್ಜೆ, ಕೈಸನ್ನೆಗೆ ಕೈಸನ್ನೆ ಹೊಂದಿಸಿ ಮರುಸೃಷ್ಟಿಸಿದ್ದಾರೆ. ಒಂದು ಇಸವಿಯನ್ನೂ ನೆಟ್ಟಗೆ ಇಡದ ಈ ಜನ ಪಿಯಾನೋ ಮೇಲಿನ ಪೆಪ್ಸಿ ಲೋಟಗಳನ್ನು ಮರೆಯದೆ ಇಟ್ಟಿದ್ದಾರೆ. ಪ್ರೀತಿ ಇಲ್ಲದವರಿಗೆ ಈ ಕೆಲಸ ಬರುವುದಿಲ್ಲ, ಇದನ್ನು ಒಪ್ಪದೆ ವಿಧಿಯಿಲ್ಲ. ಆ ದೃಶ್ಯದಲ್ಲಿ ತಂಡದ ವಕೀಲರು, ಮುಟ್ಟಬಾರದೆಂದು ಚೀಟಿ ಅಂಟಿಸಿದ ಗುಂಡಿಗಳನ್ನು ಮೇಲಕ್ಕೆ ತಳ್ಳಿ ಧ್ವನಿ ಏರಿಸುತ್ತಾರೆ. ಚಿತ್ರಮಂದಿರದಲ್ಲಿ ಶಿಳ್ಳೆ ಬೀಳುತ್ತದೆ.

ಶಿಳ್ಳೆ ಹಾಕಿದ ಊರು ಯಾವುದು? ಅರಮನೆ ಮೈದಾನದಲ್ಲಿ 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬಂದು ಹಾಡಿದ್ದನ್ನು ಇಂದಿಗೂ ಹೇಳಿಕೊಂಡು ತಿರುಗುವ, ದೇಶದ ರಾಕ್ ರಾಜಧಾನಿ ತಾನೇ ಎನ್ನುವ ಊರು. ಡಾನ್ಸ್ ಬಾರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು 2005ರಲ್ಲಿ ಹೊರಡಿಸಿದ ಲೈಸೆನ್ಸ್ ಆದೇಶವನ್ನು ಸುಪ್ರೀಂ ಕೋರ್ಟ್ 2018ರ ಜನವರಿಯಲ್ಲಿ ಎತ್ತಿಹಿಡಿದ ಮೇಲೆ ಪೊಲೀಸರು ಅದನ್ನು ಪಬ್ಬುಗಳ ಮೇಲೆ ತಿರುಗಿಸಿದರು. ಇಂದಿರಾನಗರ, ಕೋರಮಂಗಲದ ಮೂಲೆಗಳಲ್ಲಿ ಗಿಟಾರ್ ನುಡಿಸುತ್ತಿದ್ದ ಹುಡುಗರು ಪೆಟ್ಟಿಗೆ ಕಟ್ಟಿಕೊಂಡು ಮನೆಗೆ ಹೋದರು. ಮೂರು ಸ್ವರ ನುಡಿಸಬೇಕಾದರೆ ಪಬ್ಬಿನ ಕಟ್ಟಡಕ್ಕೆ ಓಸಿ, ಅಂದರೆ ಸ್ವಾಧೀನ ಪ್ರಮಾಣಪತ್ರ, ಇರಬೇಕಿತ್ತು, ಓಸಿ ಇಲ್ಲದ ಕಟ್ಟಡಗಳಲ್ಲೇ ಬೆಂಗಳೂರು ಬೆಳೆದಿತ್ತು. ಅದೇ ವರ್ಷದ ನವೆಂಬರ್‌ನಲ್ಲಿ ಚಿತ್ರ ಬಂತು, ನಾವು ಮಾಲ್‌ಗೆ ಹೋಗಿ ಟಿಕೆಟ್ ಕೊಂಡು ಪರದೆಗೆ ಚಪ್ಪಾಳೆ ತಟ್ಟಿದೆವು. ಆ ಮಾಲ್‌ಗೆ ಓಸಿ ಇತ್ತೆಂದೇ ನಂಬೋಣ.