ಎರಡು ಎತ್ವ, ಒಂದು ಗೋಣಿಚೀಲ

ಭಾನುವಾರ ಬೆಳಿಗ್ಗೆ ನಮ್ಮೂರ ಕೆರೆ ಏರಿಯ ಮೇಲೆ ಗಾಳ ಹಿಡಿದು ಕೂರುವವರು ನಾವು ಒಂಬತ್ತು ಜನ. ಲೈನ್‌ಮನ್ ಆಗಿ ರಿಟೈರ್ ಆದ ಅಣ್ಣ, ಟೈಲರ್, ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು, ನನ್ನ ಸೋದರಮಾವ, ಆಟೋ ಓಡಿಸುವ ಇಬ್ಬರು, ಹೀಗೆ. ಇಷ್ಟು ವರ್ಷ ಪಕ್ಕಪಕ್ಕ ಕೂತರೂ ಒಂದು ದಿನ ಜಗಳ ಆಗಿರಲಿಲ್ಲ. ಯಾಕೆಂದರೆ ಯಾರ ಮೀನು ಎಷ್ಟು ದೊಡ್ಡದು ಅಂತ ಯಾರೂ ತೂಗಿ ನೋಡಿರಲಿಲ್ಲ. ಹಿಡಿದವನು ಎರಡೂ ಕೈ ಅಗಲಿಸಿ ತೋರಿಸುತ್ತಿದ್ದ. ಉಳಿದವರು ತಲೆ ಆಡಿಸುತ್ತಿದ್ದೆವು. ನಾಳೆ ನಮ್ಮ ಕೈಯೂ ಅಗಲ ಆಗಬೇಕಲ್ಲ!

ಆ ನೆಮ್ಮದಿಗೆ ಕಲ್ಲು ಹಾಕಿದವನು ನಾನು. "ಸುಮ್ನೆ ಒಂದು ಸ್ಪರ್ಧೆ ಇಟ್ಕೊಳ್ಳೋಣ. ನಮ್ಮನಮ್ಮೊಳಗೆ. ಗೆಂಡೆ ಮೀನು ಮಾತ್ರ, ಅದೇ ಕಾಮನ್ ಕಾರ್ಪು. ದೊಡ್ಡದು ಹಿಡಿದವರಿಗೆ ಒಂದು ಕುಕ್ಕರ್," ಅಂದುಬಿಟ್ಟೆ. ಹೇಳಿದವನೇ ಮಾಡಬೇಕು ಅನ್ನುವುದು ನಮ್ಮ ಮಂಡ್ಯ ಸೀಮೆಯ ಅಲಿಖಿತ ಕಾನೂನು. ಅಲ್ಲೇ ನನ್ನನ್ನು ಆಯೋಜಕ ಮಾಡಿದರು.

ಮೊದಲ ಗಲಾಟೆ ತಾರೀಖಿನದು. ಮೇಷ್ಟ್ರು ಜುಲೈ 10 ಅಂದರು. ಅದು ರಾಷ್ಟ್ರೀಯ ಮೀನು ಕೃಷಿಕರ ದಿನವಂತೆ. 1957ರಲ್ಲಿ ಹೀರಾಲಾಲ್ ಚೌಧರಿ ಅನ್ನುವ ವಿಜ್ಞಾನಿ ಒಡಿಶಾದಲ್ಲಿ ಗೆಂಡೆ ವಂಶದ ಮೀನಿಗೆ ಪಿಟ್ಯುಟರಿ ಗ್ರಂಥಿಯ ಇಂಜೆಕ್ಷನ್ ಕೊಟ್ಟು ಮೊಟ್ಟೆ ಇಡಿಸಿದ ದಿನ. ಲೈನ್‌ಮನ್ ಅಣ್ಣ ಬೀಡಿ ಕೆಳಗಿಟ್ಟು, "ಮೇಷ್ಟ್ರೇ, ಮಳೆಗಾಲದಲ್ಲಿ ಮೀನು ಬಸುರಿ. ಗಾಳ ಹಿಡ್ಕೊಂಡು ಹೆರಿಗೆ ವಾರ್ಡಿಗೆ ನುಗ್ತೀರಾ?" ಅಂದ. ಮೇಷ್ಟ್ರು ಬಿಡಲಿಲ್ಲ. "ಕಾಟ್ಲಾ, ರೋಹು ನಿಂತ ಕೆರೆ ನೀರಲ್ಲಿ ಮೊಟ್ಟೆ ಇಡಲ್ಲಪ್ಪ. ಅವಕ್ಕೆ ಹರಿಯೋ ನದಿ ಬೇಕು. ಅದಕ್ಕೇ ಅಲ್ವಾ ಇಂಜೆಕ್ಷನ್ನು!" "ಹಂಗಾದ್ರೆ ಗೆಂಡೆ?" "ಅದು ಕೆರೆಯಲ್ಲೂ ಇಡುತ್ತೆ." "ನಮ್ ಸ್ಪರ್ಧೆ ಯಾವುದರದ್ದು?" ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಫೆಬ್ರವರಿಯ ಒಂದು ಭಾನುವಾರ ಅಂತ ತೀರ್ಮಾನ ಆಯಿತು.

ಗೆದ್ದ ಹುಮ್ಮಸ್ಸಿನಲ್ಲಿ ಲೈನ್‌ಮನ್ ಅಣ್ಣ, ಗೆಂಡೆ ನಮ್ಮ ಮುತ್ತಾತನ ಕಾಲದಿಂದ ಈ ಕೆರೆಯಲ್ಲಿರುವ ಮೀನು ಅಂತಲೂ ಹೇಳಿಬಿಟ್ಟ. 1939ರಲ್ಲಿ ಸಿಲೋನಿನಿಂದ ನೀಲಗಿರಿಗೆ ತಂದ ಮೀನು ಅದು, ಆಮೇಲೆ 1957ರಲ್ಲಿ ಬ್ಯಾಂಕಾಕಿನಿಂದ ಇನ್ನೊಂದು ತಳಿ ಬಂತು ಅಂತ ಮೇಷ್ಟ್ರು ಲೆಕ್ಕ ಚುಕ್ತಾ ಮಾಡಿದರು. ಟೈಲರ್ ಮಾತ್ರ ಏನೂ ಮಾತಾಡಲಿಲ್ಲ. ಅವನು ಹಾಗೇ. ಕತ್ತಿನಲ್ಲಿ ಅಳತೆ ಟೇಪು, ಬಾಯಲ್ಲಿ ಗುಂಡುಪಿನ್ನು. ಅಂಗಡಿ ಮುಚ್ಚಿ ಗಾಳಕ್ಕೆ ಬಂದರೂ ಟೇಪು ಕತ್ತಿನಲ್ಲೇ ಇರುತ್ತಿತ್ತು.

ಇನ್ನು ಅನುಮತಿ. ಕೆರೆ ಸರ್ಕಾರದ್ದು, ಅದರೊಳಗಿನ ಮೀನು ಟೆಂಡರ್ ಹಿಡಿದವರದ್ದು. ಮೀನುಮರಿ ತಂದು ಬಿಟ್ಟ ಮನುಷ್ಯನ ಹತ್ತಿರ ಹೋಗಿ "ನಿಮ್ಮ ಮೀನು ಹಿಡಿದು ಆಟ ಆಡ್ತೀವಿ" ಅನ್ನುವುದು ಹೇಗೆ? ಮೂರು ಸಲ ಹೋಗಿ ಬರೀ ಟೀ ಕುಡಿದು ಬಂದೆ. ನಾಲ್ಕನೇ ಸಲ ಆತನೇ ಕೇಳಿದ. ಒಳ್ಳೆಯ ಮನುಷ್ಯ. "ಹಿಡೀರಿ. ಆದ್ರೆ ತೂಗಿದ ತಕ್ಷಣ ವಾಪಸ್ ನೀರಿಗೆ ಬಿಡಬೇಕು. ಜಿಲೇಬಿ ಸಿಕ್ಕಿದ್ರೆ ಎಷ್ಟು ಬೇಕಾದ್ರೂ ಮನೆಗೆ ತಗೊಂಡು ಹೋಗಿ, ನಿಮಗೆ ಪುಣ್ಯ ಬರುತ್ತೆ," ಅಂದ. ಊರಾಚೆಯವರಿಗೆ ಹೇಳಬೇಕು, ಜಿಲೇಬಿ ಅಂದರೆ ತಿಲಾಪಿಯಾ. ಯಾರೂ ಬಿಡದೆಯೇ ಕೆರೆ ತುಂಬಿಕೊಳ್ಳುವ ಮೀನು.

ವಾಪಸ್ ಬಿಡುವ ವಿಷಯ ಸೋದರಮಾವನ ತಲೆಗೆ ಹತ್ತಲೇ ಇಲ್ಲ. "ಹಿಡಿಯೋದು, ಬಿಡೋದು. ಇದೆಂಥ ಆಟ ಅಳಿಯಾ? ಮದುವೆ ಮನೇಲಿ ಊಟದ ಎಲೆ ನೋಡ್ಕೊಂಡು ಕೈ ತೊಳೆದಂಗೆ." ಇಂಗ್ಲೆಂಡಿನಲ್ಲಿ ಎಲ್ಲರೂ ಹೀಗೇ ಆಡ್ತಾರೆ, ಅಲ್ಲಿ ಬೆನ್ಸನ್ ಅಂತ ಹೆಸರಿದ್ದ ಒಂದು ಹೆಣ್ಣು ಗೆಂಡೆ 60ಕ್ಕೂ ಹೆಚ್ಚು ಸಲ ಸಿಕ್ಕಿಬಿದ್ದಿತ್ತು, 2009ರಲ್ಲಿ ಸತ್ತಾಗ ಪೇಪರಿನಲ್ಲೆಲ್ಲ ಸುದ್ದಿ ಆಯ್ತು ಅಂತ ಹೇಳಿದೆ. ಮಾವ ಸ್ವಲ್ಪ ಹೊತ್ತು ಯೋಚಿಸಿ, "ಪಾಪ, ನಮ್ಮೂರಲ್ಲಿ ಹುಟ್ಟಿದ್ರೆ ಒಂದೇ ಸಲಕ್ಕೆ ಮುಕ್ತಿ ಸಿಗ್ತಿತ್ತು," ಅಂದ.

ಸ್ಪರ್ಧೆಗೆ ನಾಲ್ಕು ದಿನ ಇದ್ದಾಗ ಫ್ಲೆಕ್ಸ್ ಬಂತು. ಬೇಡ ಬೇಡ ಅಂದರೂ ಆಟೋದ ಹುಡುಗರು ಮಾಡಿಸಿದ್ದರು. ಬಸ್‌ಸ್ಟಾಂಡಿನ ಎದುರು, ಹತ್ತಡಿ ಅಗಲ. ನಮ್ಮ ಒಂಬತ್ತೂ ಜನರ ಫೋಟೋ, ಮಧ್ಯದಲ್ಲಿ ನೀರಿನಿಂದ ಚಿಮ್ಮುತ್ತಿರುವ ಡಾಲ್ಫಿನ್. ಅದನ್ನಾದರೂ ಸಹಿಸಬಹುದಿತ್ತು. ಕೆಳಗೆ ದಪ್ಪಕ್ಷರದಲ್ಲಿ 'ಗೆಂಡೆ ಹಿಡಿಯುವ ಸ್ಪರ್ಧೆ' ಅಂತ ಇರಬೇಕಾದ ಕಡೆ ಎರಡು ಎತ್ವ ಬಿದ್ದುಹೋಗಿತ್ತು. ನೀವೇ ತೆಗೆದು ಓದಿ ನೋಡಿ. 'ಗಂಡ ಹಿಡಿಯುವ ಸ್ಪರ್ಧೆ. ಪ್ರವೇಶ ಶುಲ್ಕ 100 ರೂಪಾಯಿ. ದೊಡ್ಡದು ಹಿಡಿದವರಿಗೆ ಕುಕ್ಕರ್.' ಅದರ ಕೆಳಗೆ ನನ್ನ ಮೊಬೈಲ್ ನಂಬರ್.

ಅವತ್ತು ಬಂದ ಫೋನುಗಳ ಲೆಕ್ಕ ಇಟ್ಟಿಲ್ಲ. ಒಬ್ಬ ಹೆಂಗಸು ಬಹಳ ಗಂಭೀರವಾಗಿ, "ಹಿಡಿದದ್ದನ್ನ ವಾಪಸ್ ಬಿಡಬಹುದಾ?" ಅಂತ ಕೇಳಿದರು. ಹೌದು, ಅದೇ ನಮ್ಮ ನಿಯಮ ಅಂದೆ. ಆ ಕಡೆಯಿಂದ ನಗು. ನನ್ನ ಹೆಂಡತಿ ಫ್ಲೆಕ್ಸ್ ನೋಡಿ ಬಂದು ಸಾರಿಗೆ ಒಗ್ಗರಣೆ ಹಾಕುತ್ತಾ, "ನಾನು ಹಿಡಿದು ಹದಿನೆಂಟು ವರ್ಷ ಆಯ್ತು. ಆಗ ತೂಕ ಹಾಕಿಸ್ಲಿಲ್ಲ, ಅದೇ ತಪ್ಪಾಗಿದ್ದು," ಅಂದಳು.

ಸ್ಪರ್ಧೆಯ ಹಿಂದಿನ ಸಂಜೆ ಏರಿಯ ಉದ್ದಕ್ಕೂ ಒಂಬತ್ತು ಕಲ್ಲಿಟ್ಟು, ಸುಣ್ಣದಲ್ಲಿ ನಂಬರ್ ಬರೆದು ಬಂದೆ. ಎಲ್ಲರಿಗೂ ತೂಬಿನ ಪಕ್ಕದ ಜಾಗವೇ ಬೇಕು, ಅದಕ್ಕೆ ಚೀಟಿ ಎತ್ತುವುದು ಅಂತ. ಬೆಳಿಗ್ಗೆ ಐದೂವರೆಗೆ ಹೋಗಿ ನೋಡಿದರೆ 4ನೇ ನಂಬರಿನ ಕಲ್ಲು ಬಟ್ಟೆ ಒಗೆಯುವ ಕಲ್ಲಾಗಿತ್ತು. ಅದರ ಮೇಲೆ ಯಾರದೋ ಬೆಡ್‌ಶೀಟು. ನೀರು ಬೇರೆ ಚಹಾದ ಬಣ್ಣಕ್ಕೆ ತಿರುಗಿತ್ತು. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಕಟ್ಟು ನೀರು, ಅಂದರೆ ಸರದಿಯ ನೀರು ಬಿಟ್ಟಿದ್ದರು, ರಾತ್ರಿಯೇ ಕೆರೆಗೆ ಕೆಂಪು ನೀರು ನುಗ್ಗಿತ್ತು. ನಾಲೆಯವರಿಗೆ ನಮ್ಮ ಸ್ಪರ್ಧೆ ಗೊತ್ತಿರಲಿಲ್ಲ, ಅಷ್ಟೇ. ಫ್ಲೆಕ್ಸ್ ನೋಡಿದ್ದರೂ ಗೊತ್ತಾಗುತ್ತಿರಲಿಲ್ಲ ಬಿಡಿ.

ಆರು ಗಂಟೆಗೆ ಗಾಳ ನೀರಿಗೆ ಬಿತ್ತು. ಮೇಷ್ಟ್ರು ಮೊದಲೇ ಎಚ್ಚರಿಸಿದ್ದರು. ಗೆಂಡೆ ಜಾತಿಯ ಮೀನಿಗೆ ಗಾಳಿಚೀಲದಿಂದ ಒಳಕಿವಿಯವರೆಗೆ ಸಣ್ಣ ಮೂಳೆಗಳ ಸರಪಳಿ ಇದೆ, ಅದಕ್ಕೆ ಕಿವಿ ಬಹಳ ಚುರುಕು, ಆದ್ದರಿಂದ ಯಾರೂ ಜೋರಾಗಿ ಮಾತಾಡಕೂಡದು ಅಂತ. ಇದನ್ನು ಅವರು ಜೋರಾಗಿಯೇ ಹೇಳಿದರು. ಹತ್ತು ನಿಮಿಷಕ್ಕೆ ದೇವಸ್ಥಾನದ ಮೈಕು ಶುರುವಾಯಿತು.

ಎರೆಯದು ದೊಡ್ಡ ಕಥೆ. ಒಬ್ಬೊಬ್ಬರದು ಒಂದೊಂದು ಗುಟ್ಟು. ಮಾವನದು ರಾಗಿ ಮುದ್ದೆ, ಅದೂ ಹಿಂದಿನ ರಾತ್ರಿಯದು. ಲೈನ್‌ಮನ್ ಅಣ್ಣನದು ಎರೆಹುಳು. ಟೈಲರ್ ಮೈದಾ ಹಿಟ್ಟಿಗೆ ಸೋಂಪು ಹಾಕಿ ಕಲಸಿದ್ದ. ಮೇಷ್ಟ್ರು ಪುಸ್ತಕ ಓದಿ ಬಂದವರು. ಗೆಂಡೆ ಕೆಸರು ಕೆದಕಿ ತಿನ್ನುವ ಮೀನು, ತಳದಲ್ಲಿ ತಿಂಡಿ ಹರಡಿ ಕರೆಯಬೇಕು ಅಂತ ಕಡ್ಲೆಕಾಯಿ ಹಿಂಡಿ, ಅಕ್ಕಿ ತೌಡು, ಬೂಸಾ, ಬೆಲ್ಲ ಕಲಸಿ ಒಂದು ಬಾಂಡ್ಲಿ ತುಂಬ ತಂದಿದ್ದರು. ಘಮಘಮ ಅನ್ನುತ್ತಿತ್ತು. ಅರ್ಧ ಬಾಂಡ್ಲಿ ಕೆರೆಗೆ ಎರಚಿ, ಉಳಿದದ್ದನ್ನು ಬೆನ್ನ ಹಿಂದೆ ಇಟ್ಟುಕೊಂಡು, ಬೆಂಡಿನ ಮೇಲೆ ಕಣ್ಣಿಟ್ಟು ತಪಸ್ಸಿಗೆ ಕೂತರು.

ಸುಮಾರು ಹತ್ತು ಗಂಟೆ ಇರಬಹುದು. ಬೆಂಡು ಒಂದು ಸಲ ಅಲ್ಲಾಡಿತು. ಮೇಷ್ಟ್ರು ಉಸಿರು ಹಿಡಿದರು. ಹಿಂದಿನಿಂದ 'ಬುಸ್' ಅಂತ ಇನ್ಯಾರೋ ಉಸಿರು ಬಿಟ್ಟರು. ತಿರುಗಿ ನೋಡಿದರೆ ಎಮ್ಮೆ. ಬಾಂಡ್ಲಿಯೊಳಗೆ ಮೂತಿ. ಮೂಗಿನ ತುದಿಯಲ್ಲಿ ತೌಡು, ಕಣ್ಣು ಅರ್ಧ ಮುಚ್ಚಿ ಪರಮಾನಂದದಲ್ಲಿತ್ತು. ಮೇಷ್ಟ್ರು ಬಾಂಡ್ಲಿ ಎಳೆದರು, ಎಮ್ಮೆಯೂ ಎಳೆಯಿತು. ಅಷ್ಟರಲ್ಲಿ ಅದರ ಹಿಂದೆ ಇನ್ನೂ ಐದು. ದಿನಾ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ನೀರಿಗಿಳಿಯುವ ಎಮ್ಮೆಗಳು. ಇಳಿದವು. 6, 7, 8ನೇ ನಂಬರಿನ ದಾರಗಳನ್ನೆಲ್ಲ ಮೈಗೆ ಸುತ್ತಿಕೊಂಡು ತಣ್ಣಗೆ ಕೂತವು. ಕಾಯುವ ಅಜ್ಜಿಯನ್ನು ಮೇಷ್ಟ್ರು ಏರುದನಿಯಲ್ಲಿ ಕೇಳಿದ್ದಕ್ಕೆ ಅಜ್ಜಿ, "ಎಮ್ಮೆ ತಿಂಡಿ ತಂದು ಎಮ್ಮೆ ದಾರೀಲಿ ಇಟ್ಟು, ತಿನ್ನಬ್ಯಾಡ ಅಂದ್ರೆ ಅದೇನು ಇಸ್ಕೂಲಿಗೆ ಹೋಗಿದ್ದದಾ?" ಅಂತ ಮುಂದೆ ಹೋದಳು. ಅವತ್ತು ಮೇಷ್ಟ್ರು ಕರೆದದ್ದಕ್ಕೆ ಬಂದದ್ದು ಅದೊಂದೇ ಪ್ರಾಣಿ.

ಆಟೋ ಹುಡುಗರಿಬ್ಬರೂ ಸೇರಿ ಹದಿನಾಲ್ಕು ಜಿಲೇಬಿ ಹಿಡಿದು, ಇದೂ ಗೆಂಡೆಯ ತಮ್ಮನೇ, ತೂಕಕ್ಕೆ ಸೇರಿಸಿ ಅಂತ ಕೂತರು. ಗೆಂಡೆಗೆ ಬಾಯಲ್ಲಿ ಹಲ್ಲಿಲ್ಲ, ಹಲ್ಲಿರುವುದು ಗಂಟಲಲ್ಲಿ ಅಂತ ಮೇಷ್ಟ್ರು ತೀರ್ಪು ಕೊಟ್ಟರು. ಒಬ್ಬ ನಂಬದೆ ಬೆರಳು ಹಾಕಿ ನೋಡಲು ಹೋಗಿ, ಜಿಲೇಬಿಯ ಬೆನ್ನಿನ ಮುಳ್ಳು ಚುಚ್ಚಿಸಿಕೊಂಡ. ಆ ಹದಿನಾಲ್ಕನ್ನೂ ಮಾವ ಸದ್ದಿಲ್ಲದೆ ಚೀಲಕ್ಕೆ ಹಾಕಿಕೊಂಡ. ಅವನ ಮಟ್ಟಿಗೆ ಸ್ಪರ್ಧೆ ಅಲ್ಲಿಗೆ ಸಾರ್ಥಕ.

ನಿಜವಾದ ಗೆಂಡೆ ಸಿಕ್ಕಿದ್ದು ಎರಡೇ. ಮೊದಲನೆಯದು ಎಂಟು ಗಂಟೆಗೆ, ಟೈಲರ್‌ಗೆ. ಗಲಾಟೆ ಇಲ್ಲ, ಕೂಗಾಟ ಇಲ್ಲ. ದಾರ ಸಡಿಲ ಬಿಟ್ಟ, ಎಳೆದ, ಮತ್ತೆ ಬಿಟ್ಟ. ಐದು ನಿಮಿಷಕ್ಕೆ ಮೀನು ದಡಕ್ಕೆ ಬಂತು. ಹಳೆ ತಾಮ್ರದ ಚೊಂಬಿನ ಬಣ್ಣ, ಕಾಸಿನಗಲ ಹುರುಪೆ, ತುಟಿಯ ಎರಡೂ ಕಡೆ ಎರಡೆರಡು ಮೀಸೆ. ಅದನ್ನು ಒದ್ದೆ ಹುಲ್ಲಿನ ಮೇಲೆ ಮಲಗಿಸಿ ಒಂದು ಕ್ಷಣ ಬಗ್ಗಿ ಅದೇನೋ ಮಾಡಿದ. ಮೀನಿಗೆ ನೋವಾಗಬಾರದು ಅಂತ ನಾನು ಮನೆಯಿಂದ ಅರ್ಧ ಕತ್ತರಿಸಿದ ಗೋಣಿಚೀಲ ತಂದಿದ್ದೆ. ಅದನ್ನು ನೀರಿಗೆ ಒಂದು ಸಲ ಅದ್ದಿ, ಮೀನು ಒಳಗಿಟ್ಟು, ಈರುಳ್ಳಿ ಗಾಡಿಯವನಿಂದ ಸಾಲ ತಂದ ಕೊಕ್ಕೆ ತಕ್ಕಡಿಗೆ ನೇತುಹಾಕಿದೆ. 1 ಕೆ.ಜಿ. 460 ಗ್ರಾಂ. ಬರೆದುಕೊಂಡೆ, ಮೀನು ಬಿಟ್ಟೆವು, ಚೀಲವನ್ನು ಅಲ್ಲೇ ನೀರಿನಲ್ಲಿ ಬಿಟ್ಟೆ. ಒಣಗಬಾರದಲ್ಲ!

ಎರಡನೆಯದು ಮುಗಿಯಲು ಹತ್ತು ನಿಮಿಷ ಇರುವಾಗ, ಲೈನ್‌ಮನ್ ಅಣ್ಣನಿಗೆ. ಅವನ ಕೂಗಿಗೆ ದೇವಸ್ಥಾನದ ಮೈಕೇ ಸುಮ್ಮನಾಯಿತು. ಅದೇ ಚೀಲ, ಅದೇ ತಕ್ಕಡಿ. 1 ಕೆ.ಜಿ. 520. ಅರವತ್ತು ಗ್ರಾಂನಲ್ಲಿ ಗೆದ್ದ. ಕುಕ್ಕರ್ ಎತ್ತಿ ಹಿಡಿದು ಫೋಟೋ ತೆಗೆಸಿಕೊಂಡ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದ ದೊರೆ ಕಬಿನಿಯಲ್ಲಿ 120 ಪೌಂಡಿನ, ಅಂದರೆ ಸುಮಾರು 54 ಕೆ.ಜಿ.ಯ ಬಿಳಿಮೀನು (ಮಹಸೀರ್) ಹಿಡಿದಿದ್ದ, ಅದೂ ಗೆಂಡೆ ವಂಶದ್ದೇ ಅಂತ ಮೇಷ್ಟ್ರು ನೆನಪಿಸಿದರು. "ಅವನಿಗೆ ಕುಕ್ಕರ್ ಕೊಟ್ಟಿದ್ರಾ?" ಅಂದ ಅಣ್ಣ.

ಸಂಜೆ ಮನೆಯಲ್ಲಿ ಹೆಂಡತಿ ಆ ಚೀಲವನ್ನು ಎರಡು ಬೆರಳಲ್ಲಿ ಎತ್ತಿ, "ಏನ್ರೀ ಇದು, ಹೆಣದ ಭಾರ ಇದೆ!" ಅಂದಳು. ನನಗೆ ಎದೆ ಧಸಕ್ಕೆಂದಿತು. ತಕ್ಕಡಿ ಇನ್ನೂ ವಾಪಸ್ ಕೊಟ್ಟಿರಲಿಲ್ಲ. ತೂಗಿದೆ. 700 ಗ್ರಾಂ. ರಾತ್ರಿ ನಿದ್ದೆ ಬರಲಿಲ್ಲ. ಎರಡು ದಿನ ಬಿಸಿಲಿಗೆ ಒಣಗಿಸಿ, ಬೆಳಿಗ್ಗೆ ಮಾಡಿದ ಹಾಗೇ ಬಕೆಟ್ಟಿನಲ್ಲಿ ಒಂದು ಸಲ ಅದ್ದಿ ತೂಗಿದೆ. 400. ಲೆಕ್ಕ ಹಾಕಿ ನೋಡಿ. ನಾನು ಹಾಕಿದ್ದೆ, ಮೂರು ಸಲ.

ಕುಕ್ಕರ್ ಅಷ್ಟೊತ್ತಿಗೆ ಲೈನ್‌ಮನ್ ಅಣ್ಣನ ಮನೆಯಲ್ಲಿ ಸೀಟಿ ಹೊಡೆಯುತ್ತಿತ್ತು, ನಮ್ಮನೆಗೂ ಕೇಳಿಸುತ್ತೆ. ವಾಪಸ್ ಕೊಡಿ ಅನ್ನುವ ಧೈರ್ಯ ನನಗಿಲ್ಲ. ಕೊನೇಪಕ್ಷ ಟೈಲರ್ ಹತ್ತಿರವಾದರೂ ತಪ್ಪೊಪ್ಪಿಕೊಳ್ಳೋಣ ಅಂತ, ಒಂದು ಪ್ಯಾಂಟ್ ಪೀಸ್ ತಗೊಂಡು ಅಂಗಡಿಗೆ ಹೋದೆ. ಅವನು ಸೊಂಟದ ಅಳತೆ ತೆಗೆಯುತ್ತಿದ್ದಾಗ, "ಅವತ್ತು ತೂಕದಲ್ಲಿ ಸ್ವಲ್ಪ ಏನೋ..." ಅಂತ ಶುರು ಮಾಡಿದೆ.

ಟೈಲರ್ ಬಾಯಿಂದ ಗುಂಡುಪಿನ್ನು ತೆಗೆದ. "ತೂಕ ನನಗೆ ಗೊತ್ತಿಲ್ಲ ಸಾರ್. ನನ್ನ ಮೀನು ಹದಿನೈದೂವರೆ ಇಂಚು. ಅಣ್ಣಂದು ಹದಿನಾಲ್ಕು. ಎರಡೂ ಬಿಡೋಕೆ ಮುಂಚೆ ಅಳೆದಿದ್ದೆ." ಮತ್ತೆ ಪಿನ್ನು ಬಾಯಿಗಿಟ್ಟುಕೊಂಡು ಕಾಲಿನ ಅಳತೆಗೆ ಬಗ್ಗಿದ. ಅವತ್ತೇ ಯಾಕೆ ಹೇಳಲಿಲ್ಲ ಅಂತ ಕೇಳಿದೆ. ಪಿನ್ನಿನ ಸಂದಿಯಿಂದ ಬಂದ ಉತ್ತರ ಅರ್ಥ ಆಗಲಿಲ್ಲ.

ವಾರದ ಮೇಲೆ ಪ್ಯಾಂಟು ಬಂತು. ಹೊಲಿಗೆ ಬಹಳ ಚೆನ್ನಾಗಿದೆ. ಉದ್ದ ಮಾತ್ರ ಒಂದೂವರೆ ಇಂಚು ಕಮ್ಮಿ.